ಒಕ್ಕಲು ಬಂದವರ ಸಭೆ: ಬೆಳ್ತಂಗಡಿ ಧರ್ಮಪ್ರಾಂತ್ಯದ ಇತಿಹಾಸ ಮತ್ತು ಪಾಲಕನ ಹೊಣೆ

ನಾವು ಧರ್ಮಕೇಂದ್ರ ಎಂದು ಕರೆಯುವುದಕ್ಕೆ ಪಾಶ್ಚಾತ್ಯ ಭಾಷೆಗಳಲ್ಲಿರುವ ಹೆಸರು ‘ಪರೋಯ್ಕಿಯ’ ಎಂಬ ಗ್ರೀಕ್ ಪದದಿಂದ ಬಂದಿದೆ. ಪರಸ್ಥಳದಲ್ಲಿ ತಂಗಿರುವುದು ಎಂಬುದು ಅದರ ಅರ್ಥ. ಪ್ರೇಷಿತ ಪೇತ್ರನ ಮೊದಲ ಪತ್ರವು ಪೊಂತ, ಗಲಾತ್ಯ, ಕಪ್ಪದೋಕ್ಯ ಮುಂತಾದ ಸೀಮೆಗಳಲ್ಲಿ ಚದುರಿಹೋಗಿದ್ದ ಪರದೇಶವಾಸಿಗಳನ್ನು ಉದ್ದೇಶಿಸಿ ಬರೆದದ್ದು. ಹೀಗಾಗಿ ವಲಸೆಯು ಧರ್ಮಸಭೆಯ ಇತಿಹಾಸದಲ್ಲಿ ನಡುವೆ ಬಂದೊದಗಿದ ಆಕಸ್ಮಿಕವಲ್ಲ. ಸಭೆಯ ಅತಿ ಹಳೆಯ ಹೆಸರುಗಳಲ್ಲಿಯೇ ಅದು ಸೇರಿಕೊಂಡಿದೆ. ಆದರೂ ವಲಸೆ ಬಂದ ಜನರ ಪಾಲಕನ ಮುಂದೆ ಎರಡು ಬೇಡಿಕೆಗಳು ಏಕಕಾಲದಲ್ಲಿ ನಿಲ್ಲುತ್ತವೆ. ತಂದ ನಂಬಿಕೆಯ ನೆನಪನ್ನು ಕಾಯಬೇಕು. ಬಂದ ನೆಲದಲ್ಲಿ ಜನರು ಬೇರೂರುವಂತೆಯೂ ಮಾಡಬೇಕು. ಈ ಎರಡು ಬೇಡಿಕೆಗಳು ನಮ್ಮ ಕರಾವಳಿಯಲ್ಲಿ ಹೇಗೆ ಎದುರಾದವು ಎಂಬುದನ್ನು ಬೆಳ್ತಂಗಡಿಯ ಸಿರೋ-ಮಲಬಾರ್ ಧರ್ಮಪ್ರಾಂತ್ಯದ ಇತಿಹಾಸದ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮದರಾಸಿನ ಅರ್ಮೇನಿಯನ್ನರು

ಚದುರಿದ ಕ್ರೈಸ್ತ ಜನಾಂಗಗಳ ಮಾತು ಬಂದಾಗ ಮೊದಲು ನೆನಪಾಗುವವರು ಅರ್ಮೇನಿಯನ್ನರು. ಚೆನ್ನೈ ನಗರದ ಅರ್ಮೇನಿಯನ್ ಬೀದಿಯಲ್ಲಿ 1772ರಲ್ಲಿ ಕಟ್ಟಿದ ಅವರ ದೇವಾಲಯ ಇಂದಿಗೂ ಇದೆ. ಪರ್ಷಿಯದ ಶಿರಾಜಿನಿಂದ ಬಂದ ಹರೂತ್ಯುನ್ ಶ್ಮಾವೋನ್ಯನ್ ಎಂಬ ಗುರು ಇಲ್ಲಿಯೇ 1794ರಲ್ಲಿ ‘ಅಜ್ದರಾರ್’ ಎಂಬ ಪತ್ರಿಕೆಯನ್ನು ಹೊರಡಿಸಿದರು. ಜಗತ್ತಿನಲ್ಲಿ ಅರ್ಮೇನಿಯನ್ ಭಾಷೆಯ ಮೊದಲ ನಿಯತಕಾಲಿಕೆ ಅದು. ಅರ್ಮೇನಿಯದಲ್ಲಿಯೇ ಇಲ್ಲದ ಪತ್ರಿಕೆಯೊಂದು ಮದರಾಸಿನ ಅಲ್ಪಸಂಖ್ಯಾತ ವರ್ತಕರ ನಡುವೆ, ಒಬ್ಬ ಗುರುವಿನ ಕೈಯಿಂದ ಹುಟ್ಟಿತು. ಚದುರಿದ ಜನರನ್ನು ಒಂದು ಜನಾಂಗವಾಗಿ ಹಿಡಿದಿಡಲು ಪಾಲಕನೊಬ್ಬ ಏನು ಮಾಡಬಲ್ಲ ಎಂಬುದಕ್ಕೆ ಇದು ಸಾಕ್ಷಿ.

ಆದರೆ ಆ ದೇವಾಲಯದಲ್ಲಿ ಇಂದು ಹೇಳಿಕೊಳ್ಳುವಂಥ ಸಭಾಜನರಿಲ್ಲ. ವ್ಯಾಪಾರದ ದಾರಿಗಳು ಬದಲಾದಾಗ ವರ್ತಕರೂ ಹೊರಟುಹೋದರು; ಉಳಿದದ್ದು ಗೋರಿಕಲ್ಲುಗಳ ಮೇಲಿನ ಬರಹ. ಇದನ್ನು ಪಾಲಕರ ಸೋಲೆಂದು ಕರೆಯುವುದು ಅನ್ಯಾಯ. ಸರಕಿನ ಬೆನ್ನು ಹಿಡಿದು ಬಂದ ಜನ ಸರಕಿನೊಂದಿಗೇ ಮುಂದೆ ಸಾಗುತ್ತಾರೆ. ಅವರ ಗುರುವಿನ ಕೆಲಸ ದಾರಿಯಲ್ಲಿರುವವರ ನೆನಪನ್ನು ಕಾಯುವುದಾಗಿತ್ತು.

ಅರ್ಮೇನಿಯನ್ ಸಭೆಯ ಇನ್ನೊಂದು ಸಂಗತಿಯನ್ನು ಮಾತ್ರ ಮುಂದಿನ ಚರ್ಚೆಗಾಗಿ ನೆನಪಿಡಬೇಕು. ಅವರು ಇಷ್ಟು ಜತನದಿಂದ ಕಾಪಾಡಿದ ಆ ಪೂಜಾಭಾಷೆ ಮೊದಲಿನಿಂದ ಇದ್ದದ್ದಲ್ಲ. ನಾಲ್ಕನೆಯ ಶತಮಾನದಲ್ಲಿ ಅವರ ದೇವಾಲಯಗಳಲ್ಲಿ ಕೇಳುತ್ತಿದ್ದುದು ಗ್ರೀಕ್ ಮತ್ತು ಸುರಿಯಾನಿ. ಸುಮಾರು 405ರಲ್ಲಿ ಮೆಸ್ರೋಪ್ ಮಶ್ತೋತ್ಸ್ ಎಂಬ ಸನ್ಯಾಸಿಯು ಸಭೆಯ ಶ್ರೇಷ್ಠ ಗುರು ಸಾಹಕರ ಬೆಂಬಲದಿಂದ ಅರ್ಮೇನಿಯನ್ ಅಕ್ಷರಮಾಲೆಯನ್ನು ರೂಪಿಸಿದನು. ಅನಂತರ ಪವಿತ್ರ ಗ್ರಂಥವೂ ಪೂಜಾವಿಧಿಯೂ ಜನರ ಮಾತಿಗೆ ಬಂದವು. ಅರ್ಮೇನಿಯನ್ನರು ಪರಂಪರೆಯೆಂದು ಕಾಯ್ದುಕೊಂಡದ್ದು ಒಂದು ಕಾಲದಲ್ಲಿ ಪಾಲಕರು ಧೈರ್ಯದಿಂದ ಮಾಡಿದ ಭಾಷಾಂತರವಾಗಿತ್ತು.

ಕರಾವಳಿಯ ಹಳೆಯ ವಲಸೆ

ಬೆಳ್ತಂಗಡಿಗೆ ಹೊಂದಿಕೊಂಡ ಲಾಯಿಲದಂಥ ಗ್ರಾಮದಲ್ಲಿ ನಿಂತು ನೋಡಿದರೆ ಕ್ರೈಸ್ತರಲ್ಲಿ ಎರಡು ವಲಸೆಗಳ ಗುರುತು ಕಾಣುತ್ತದೆ. ಕೊಂಕಣಿ ಮಾತಾಡುವ ಲತೀನ್ ವಿಧಿಯ ಕುಟುಂಬಗಳು ಮೊದಲನೆಯದಕ್ಕೆ ಸೇರಿದವು; ಮಲಯಾಳ ಮಾತಾಡುವ ತೋಮನ ಪರಂಪರೆಯ ಕುಟುಂಬಗಳು ಎರಡನೆಯದಕ್ಕೆ. ಒಬ್ಬರು ಗೋವೆಯಿಂದ ಬಂದವರು, ಇನ್ನೊಬ್ಬರು ತಿರುವಾಂಕೂರಿನಿಂದ. ಮೊದಲು ಬಂದವರು ತಮ್ಮನ್ನು ಊರಿನವರೆಂದೂ ಅನಂತರ ಬಂದವರನ್ನು ಹೊರಗಿನವರೆಂದೂ ಎಣಿಸುವುದು ಲೋಕದ ರೂಢಿ. ಇತಿಹಾಸವನ್ನು ಓದಿದವರಿಗೆ ಆ ಸಲಿಗೆ ಇರುವುದಿಲ್ಲ.

ಗೋವೆಯ ಕ್ರೈಸ್ತರು ಹದಿನಾರನೆಯ ಶತಮಾನದಿಂದ ಮೊದಲ್ಗೊಂಡು ತಂಡತಂಡವಾಗಿ ದಕ್ಷಿಣಕ್ಕೆ ಬಂದರು. ಧರ್ಮವಿಚಾರಣೆಯ ಭಯ, ಕರಭಾರ, ಬರಗಾಲ, ಮರಾಠರ ದಾಳಿ ಇವು ಅವರನ್ನು ಹೊರಡಿಸಿದ ಕಾರಣಗಳು. ಕೆಳದಿಯ ನಾಯಕರು ನುರಿತ ಬೇಸಾಯಗಾರರಾದ ಇವರಿಗೆ ನೆಲೆ ಕೊಟ್ಟರು. ಆದರೆ ಪಾಲನೆಯ ವಿಷಯದಲ್ಲಿ ಬಿಕ್ಕಟ್ಟು ಹುಟ್ಟಿತು. ಪೋರ್ಚುಗಲ್ ರಾಜನ ಪೋಷಣಾಧಿಕಾರವನ್ನು ಆಧರಿಸಿದ ಗೋವೆಯ ಮಹಾಧರ್ಮಾಧ್ಯಕ್ಷರದು ಒಂದು ಅಧಿಕಾರ. ರೋಮಿನ ಧರ್ಮಪ್ರಸಾರ ಪೀಠವು ನೇಮಿಸಿದ ತೋಮಸ್ ದೆ ಕಾಸ್ತ್ರೋ ಅವರದು ಇನ್ನೊಂದು. ಯಾರ ಕೈಯಿಂದ ಸಂಸ್ಕಾರ ಪಡೆದರೆ ಸಿಂಧು ಎಂದು ತಿಳಿಯದೆ ಜನ ಇಬ್ಭಾಗವಾದರು.

ಈ ಕಲಹದ ನಡುವೆ 1681ರಲ್ಲಿ ಕೆನರಾಕ್ಕೆ ಬಂದವರು ಸಂತ ಜೋಸೆಫ್ ವಾಜ್. 1684ರವರೆಗೆ ಅವರು ಇಲ್ಲಿ ಸೇವೆ ಮಾಡಿದರು. ಮುಂದೆ ಅವರು ಡಚ್ಚರ ದಬ್ಬಾಳಿಕೆಯಲ್ಲಿ ಗುರುಗಳಿಲ್ಲದೆ ಸೊರಗಿದ್ದ ಸಿಂಹಳದ ಸಭೆಯನ್ನು ಸೇರಿ, ತಮಿಳು ಮತ್ತು ಸಿಂಹಳ ಭಾಷೆಗಳನ್ನು ಕಲಿತು, 1711ರಲ್ಲಿ ಅಲ್ಲಿಯೇ ಮಡಿದರು. ಅವರ ಸಹಚರ ಜಾಕೊಮೆ ಗೊನ್ಸಾಲ್ವಿಸ್ ಸಿಂಹಳದಲ್ಲಿ ಧಾರ್ಮಿಕ ಸಾಹಿತ್ಯವನ್ನೇ ಕಟ್ಟಿದರು. ಇಬ್ಬರೂ ಕೊಂಕಣಿಯ ಮಕ್ಕಳು. ಸಿಂಹಳದ ಸಭೆ ತಲೆಯೆತ್ತಿ ನಿಂತದ್ದು ಅವರು ತಮ್ಮ ಮಾತಿನಿಂದಾಚೆ ಹೆಜ್ಜೆ ಇಟ್ಟಿದ್ದರಿಂದ.

1784ರಲ್ಲಿ ಟಿಪ್ಪು ಸುಲ್ತಾನನು ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದನು. 1799ರ ಅನಂತರ ಬದುಕುಳಿದವರು ಮರಳಿ ಬಂದು ಪಾಳುಬಿದ್ದ ದೇವಾಲಯಗಳನ್ನು ಮತ್ತೆ ಕಟ್ಟಿದರು. ಎರಡು ಬಾರಿ ನೆಲೆ ಕಳೆದುಕೊಂಡು ನೆಲೆ ಕಂಡ ಜನರ ಸಭೆ ಮಂಗಳೂರಿನದು. ಹೊಸದಾಗಿ ಬಂದವರ ಸಂಕಟ ಅದಕ್ಕೆ ಅಪರಿಚಿತವಾಗಿರಲು ಕಾರಣವಿಲ್ಲ.

ತಿರುವಾಂಕೂರಿನಿಂದ ಘಟ್ಟದ ತಪ್ಪಲಿಗೆ

ಎರಡನೆಯ ವಲಸೆ ಇಪ್ಪತ್ತನೆಯ ಶತಮಾನದ್ದು. ತಿರುವಾಂಕೂರಿನ ಮಧ್ಯಭಾಗದಲ್ಲಿ ಜನಸಂಖ್ಯೆ ಹೆಚ್ಚಿ, ತಲೆಮಾರಿನಿಂದ ತಲೆಮಾರಿಗೆ ಹಿಡುವಳಿ ತುಂಡಾಗುತ್ತ ಬಂದಿತ್ತು. ಮೂವತ್ತರ ದಶಕದ ಆರ್ಥಿಕ ಕುಸಿತ ಮತ್ತು ಎರಡನೆಯ ಮಹಾಯುದ್ಧದ ಕಾಲದ ಆಹಾರದ ಕೊರತೆ ಸೇರಿಕೊಂಡಾಗ ಅನೇಕರು ಇದ್ದ ತುಂಡು ನೆಲವನ್ನು ಮಾರಿ ಉತ್ತರಕ್ಕೆ ಹೊರಟರು. ಮಲಬಾರಿನ ಜನ್ಮಿಗಳ ಕಾಡುಭೂಮಿ ಅಗ್ಗವಾಗಿ ದೊರೆಯುತ್ತಿತ್ತು. ಕಾಡು ಕಡಿದು ಮರಗೆಣಸು, ಕರಿಮೆಣಸು, ಶುಂಠಿ, ರಬ್ಬರ್ ಬೆಳೆದವರು ಮೊದಲು ಬೆಳೆದದ್ದು ಮಲೇರಿಯ ಜ್ವರವನ್ನೇ ಎಂದು ಹೇಳಬೇಕು. ಎಷ್ಟೋ ಮನೆಗಳಲ್ಲಿ ಮೊದಲ ಫಸಲಿಗೆ ಮುಂಚೆ ಮೊದಲ ಗೋರಿ ತೋಡಬೇಕಾಯಿತು.

ಈ ವಲಸೆಯ ಒಂದು ಕವಲಿಗೆ ಸಭೆಯೇ ನೇತೃತ್ವ ವಹಿಸಿತು. ಕೋಟ್ಟಯಂ ಧರ್ಮಾಧ್ಯಕ್ಷ ಮಾರ್ ಅಲೆಕ್ಸಾಂಡರ್ ಚೂಳಪ್ಪರಂಬಿಲ್ ಅವರು 1943ರಲ್ಲಿ ಕ್ನಾನಾಯ ಸಮುದಾಯದ ಬಡ ಕುಟುಂಬಗಳನ್ನು ಇಂದಿನ ಕಾಸರಗೋಡು ಜಿಲ್ಲೆಯ ರಾಜಪುರಂನಲ್ಲಿ ನೆಲೆಗೊಳಿಸಿದರು. ಆಗ ಆ ಪ್ರದೇಶ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಉಳಿದವರು ಬಹುಮಟ್ಟಿಗೆ ತಮ್ಮಷ್ಟಕ್ಕೆ ಬಂದವರು. ಮಲಬಾರಿನಲ್ಲಿ ಅವರಿಗೆ ಸ್ವಂತ ವಿಧಿಯ ಧರ್ಮಾಧ್ಯಕ್ಷರಿರಲಿಲ್ಲ. 1923ರಲ್ಲಿ ಮಂಗಳೂರಿನಿಂದ ಬೇರ್ಪಟ್ಟ ಕಲ್ಲಿಕೋಟೆಯ ಲತೀನ್ ಧರ್ಮಪ್ರಾಂತ್ಯದ ಯೇಸುಸಭೆಯ ಗುರುಗಳು ಅವರನ್ನು ನೋಡಿಕೊಂಡರು. ಈ ಉಪಕಾರವನ್ನು ಮರೆಯುವಂತಿಲ್ಲ. ಆದರೂ ಸಾಯುವ ಹೊತ್ತಿನಲ್ಲಿ ತಮ್ಮ ತಾಯ್ತಂದೆಯರ ಪ್ರಾರ್ಥನೆ ಕೇಳಬೇಕೆಂಬ ಆಸೆಯನ್ನು ಬೇರೆ ವಿಧಿಯ ಗುರು ಎಷ್ಟೇ ಪ್ರೀತಿಯಿಂದ ಬಂದರೂ ತೀರಿಸಲಾರನು.

1953ರ ದಶಂಬರ 31ರಂದು ಜಗದ್ಗುರು ಹನ್ನೆರಡನೆಯ ಭಕ್ತಿನಾಥರು ತಲಶ್ಶೇರಿ ಧರ್ಮಪ್ರಾಂತ್ಯವನ್ನು ಸ್ಥಾಪಿಸಿದರು. 1955ರಲ್ಲಿ ಅದರ ವ್ಯಾಪ್ತಿ ದಕ್ಷಿಣ ಕನ್ನಡ ಮತ್ತು ಮೈಸೂರು ಸೀಮೆಗಳಿಗೂ ಚಾಚಿತು. ಅದರ ಮೊದಲ ಧರ್ಮಾಧ್ಯಕ್ಷ ಮಾರ್ ಸೆಬಾಸ್ಟಿಯನ್ ವಲ್ಲೋಪ್ಪಿಳ್ಳಿ ಅವರು 1989ರವರೆಗೆ ಆ ಹೊಣೆ ಹೊತ್ತರು. ದೇವಾಲಯದ ಜೊತೆಗೆ ಶಾಲೆ, ರಸ್ತೆ, ಆಸ್ಪತ್ರೆಗಳಿಗಾಗಿ ದುಡಿದು, ಒಕ್ಕಲೆಬ್ಬಿಸುವ ಭಯದಲ್ಲಿದ್ದ ಬೇಸಾಯಗಾರರ ಪರವಾಗಿ ನಿಂತು ‘ವಲಸೆಗಾರರ ತಂದೆ’ ಎಂಬ ಹೆಸರು ಪಡೆದವರು ಅವರು. ಅವರ ಪಾಲನೆಯಲ್ಲಿ ನೆಲೆ ಮತ್ತು ನೆನಪು ಬೇರೆಬೇರೆಯಾಗಿ ಕಾಣಿಸಿಕೊಳ್ಳಲಿಲ್ಲ. ಮಲಬಾರಿನಲ್ಲಿ ಊರಿನ ಮಾತೂ ಮಲಯಾಳವೇ ಆಗಿತ್ತು.

ಗಡಿ ದಾಟಿದಾಗ ಪ್ರಶ್ನೆ ಬದಲಾಯಿತು. ಚಾರ್ಮಾಡಿ, ಶಿಶಿಲ, ಕಡಬ, ನೆಲ್ಯಾಡಿ, ಶಿರಾಡಿ ಮೊದಲಾದ ಘಟ್ಟದ ತಪ್ಪಲಿನ ಸೀಮೆಯಲ್ಲಿ ನೆಲೆಸಿದವರ ಸುತ್ತ ಕೇಳಿಬಂದದ್ದು ತುಳು; ಶಾಲೆ ಮತ್ತು ಕಚೇರಿಯಲ್ಲಿ ಕನ್ನಡ; ಹಳೆಯ ದೇವಾಲಯಗಳಲ್ಲಿ ಕೊಂಕಣಿ. ಮೂರು ಭಾಷೆಗಳ ನಡುವೆ ಈ ಜನರು ನಾಲ್ಕನೆಯದನ್ನು ತಂದರು.

ಬೆಳ್ತಂಗಡಿ ಧರ್ಮಪ್ರಾಂತ್ಯ

1999ರ ಏಪ್ರಿಲ್ 24ರಂದು ಜಗದ್ಗುರು ಎರಡನೆಯ ಜಾನ್ ಪೌಲರು ತಲಶ್ಶೇರಿ ಮಹಾಧರ್ಮಪ್ರಾಂತ್ಯವನ್ನು ವಿಭಜಿಸಿ ಬೆಳ್ತಂಗಡಿ ಧರ್ಮಪ್ರಾಂತ್ಯವನ್ನು ಸ್ಥಾಪಿಸಿದರು. ದಕ್ಷಿಣ ಕನ್ನಡ, ಉಡುಪಿ, ಕೊಡಗು ಜಿಲ್ಲೆಗಳು ಅದರ ವ್ಯಾಪ್ತಿಗೆ ಬಂದವು. ಕರ್ನಾಟಕದಲ್ಲಿ ಪೀಠವನ್ನು ಹೊಂದಿದ ಮೊದಲ ಸಿರೋ-ಮಲಬಾರ್ ಧರ್ಮಪ್ರಾಂತ್ಯ ಇದು. 2007ರಲ್ಲಿ ಭದ್ರಾವತಿ, 2010ರಲ್ಲಿ ಮಂಡ್ಯ ಮುಂದೆ ಬಂದವು. ಸಂತ ಲಾರೆನ್ಸರ ಹೆಸರಿನ ಪ್ರಧಾನ ದೇವಾಲಯ ಬೆಳ್ತಂಗಡಿಯಲ್ಲಿದೆ. ಮೊದಲ ಧರ್ಮಾಧ್ಯಕ್ಷರಾಗಿ ಮಾರ್ ಲಾರೆನ್ಸ್ ಮುಕ್ಕುಳಿ ಅವರು 1999ರ ಆಗಸ್ಟ್ 4ರಂದು ಅಭಿಷಿಕ್ತರಾದರು. 2025ರಲ್ಲಿ ಅವರ ಹೊಣೆ ಕ್ಲರೇಶಿಯನ್ ಸಭೆಯ ಜೇಮ್ಸ್ ಪಟ್ಟೇರಿಲ್ ಅವರಿಗೆ ಹಸ್ತಾಂತರವಾಯಿತು.

ಈ ಕಾಲು ಶತಮಾನದ ಅರ್ಥವನ್ನು ಗ್ರಹಿಸಲು ಪೀಠದ ಸ್ಥಳವನ್ನೇ ಗಮನಿಸಬೇಕು. ಅದುವರೆಗೆ ಈ ಜನರ ಧರ್ಮಾಧ್ಯಕ್ಷರು ಗಡಿಯಾಚೆ ತಲಶ್ಶೇರಿಯಲ್ಲಿದ್ದರು. ಕಾನೂನಿನ ಪ್ರಕಾರ ಕನ್ನಡನಾಡಿನ ಪ್ರಜೆಗಳಾಗಿದ್ದರೂ ಸಭೆಯ ದೃಷ್ಟಿಯಲ್ಲಿ ಅವರು ಕೇರಳದ ಧರ್ಮಪ್ರಾಂತ್ಯವೊಂದರ ದೂರದ ಅಂಚಾಗಿದ್ದರು. ಧರ್ಮಾಧ್ಯಕ್ಷನ ಪೀಠವು ಬೆಳ್ತಂಗಡಿಗೆ ಬಂದಾಗ ಅವರು ಇಲ್ಲಿಯ ಸಭೆಯಾದರು. ಧರ್ಮಾಧ್ಯಕ್ಷನಿರುವಲ್ಲಿ ಸಭೆ ಪೂರ್ಣವಾಗಿದೆ ಎಂಬ ಪ್ರಾಚೀನ ಬೋಧನೆಯನ್ನು ಒಪ್ಪುವುದಾದರೆ, 1999ರ ಬಳಿಕ ಇವರನ್ನು ಅತಿಥಿಗಳೆಂದು ಕರೆಯುವುದು ದೈವಶಾಸ್ತ್ರದ ದೃಷ್ಟಿಯಿಂದಲೇ ತಪ್ಪು. ತಾವೇ ತಮ್ಮನ್ನು ಅತಿಥಿಗಳೆಂದು ಭಾವಿಸಿಕೊಳ್ಳುವುದೂ ಅಷ್ಟೇ ತಪ್ಪು.

ಧರ್ಮಪ್ರಾಂತ್ಯದ ಸಮಾಜಸೇವಾ ಸಂಸ್ಥೆಯು ‘ದಕ್ಷಿಣ ಕನ್ನಡ ಗ್ರಾಮಾಭಿವೃದ್ಧಿ ಸಂಸ್ಥೆ’ ಎಂಬ ಅರ್ಥದ ಹೆಸರನ್ನು ತಳೆದಿರುವುದು ಈ ದೃಷ್ಟಿಯಿಂದ ಗಮನಾರ್ಹ. ಆ ಹೆಸರಿನಲ್ಲಿ ಸಮುದಾಯದ ಗುರುತಿಲ್ಲ, ಜಿಲ್ಲೆಯ ಗುರುತಿದೆ.

ಒಂದೇ ಭೂಪ್ರದೇಶದಲ್ಲಿ ಇಬ್ಬರು, ಮೂವರು ಕಥೋಲಿಕ ಧರ್ಮಾಧ್ಯಕ್ಷರಿರುವುದು ಹಲವರಿಗೆ ಗೊಂದಲವೆನಿಸಿದೆ. 2010ರಲ್ಲಿ ಪುತ್ತೂರಿನಲ್ಲಿ ಸಿರೋ-ಮಲಂಕರ ಧರ್ಮಪ್ರಾಂತ್ಯವೂ ಸ್ಥಾಪಿತವಾದ ಮೇಲೆ ಈ ಪ್ರಶ್ನೆ ಮತ್ತಷ್ಟು ಕೇಳಿಬಂದಿತು. ಲತೀನ್ ಧರ್ಮಕೇಂದ್ರಗಳಲ್ಲಿ ದಶಕಗಳ ಕಾಲ ಒಟ್ಟಿಗೆ ಮೊಣಕಾಲೂರಿದ ಕುಟುಂಬಗಳು ಬೇರೆಯಾದಾಗ ಎರಡೂ ಕಡೆ ನೋವಾದದ್ದು ಸಹಜ. ‘ನಮ್ಮನ್ನು ಬಿಟ್ಟುಹೋದರು’ ಎಂದು ಒಂದು ಕಡೆ. ‘ನಮ್ಮನ್ನು ನಮ್ಮವರೆಂದು ಎಂದೂ ಎಣಿಸಲಿಲ್ಲ’ ಎಂದು ಇನ್ನೊಂದು ಕಡೆ.

ಸಭೆಯ ಬೋಧನೆ ಇಲ್ಲಿ ಸ್ಪಷ್ಟವಾಗಿದೆ. 1964ರ ಪೌರಸ್ತ್ಯ ಸಭೆಗಳ ಕುರಿತ ಮಹಾಸಭಾಶಾಸನವು ವಿಶ್ವಾಸಿಯು ಎಲ್ಲಿಯೇ ಇದ್ದರೂ ತನ್ನ ವಿಧಿಯನ್ನು ಉಳಿಸಿಕೊಳ್ಳಬೇಕೆಂದು ಬೋಧಿಸಿತು. ಭಾರತದ ಧರ್ಮಾಧ್ಯಕ್ಷರಿಗೆ 1987ರ ಮೇ 28ರಂದು ಎರಡನೆಯ ಜಾನ್ ಪೌಲರು ಬರೆದ ಪತ್ರ ಅದನ್ನು ನಮ್ಮ ದೇಶಕ್ಕೆ ಅನ್ವಯಿಸಿತು. 1990ರ ಪೌರಸ್ತ್ಯ ಸಭೆಗಳ ಧರ್ಮಸಂಹಿತೆಯ 38ನೆಯ ನಿಯಮದಂತೆ ಬೇರೆ ಸಭೆಯ ಪಾಲಕನ ಆರೈಕೆಯಲ್ಲಿರುವ ಪೌರಸ್ತ್ಯ ವಿಶ್ವಾಸಿಯು ತನ್ನ ಸ್ವಂತ ಸಭೆಯ ಸದಸ್ಯನಾಗಿಯೇ ಉಳಿಯುತ್ತಾನೆ. 193ನೆಯ ನಿಯಮವು ಮತ್ತೊಂದು ಮಗ್ಗುಲನ್ನು ನೋಡುತ್ತದೆ: ತನ್ನ ಆರೈಕೆಗೆ ಒಪ್ಪಿಸಲ್ಪಟ್ಟ ಅನ್ಯ ಸಭೆಯ ವಿಶ್ವಾಸಿಗಳು ತಮ್ಮ ವಿಧಿಯನ್ನು ಉಳಿಸಿಕೊಳ್ಳುವಂತೆ ನೋಡಿಕೊಳ್ಳುವುದು ಪೌರಸ್ತ್ಯ ಧರ್ಮಾಧ್ಯಕ್ಷನ ಗುರುತರ ಹೊಣೆ. ಜೋಸೆಫ್ ವಾಜರ ಕಾಲದ ಕಲಹಕ್ಕೂ ಇಂದಿನ ಸ್ಥಿತಿಗೂ ಇರುವ ವ್ಯತ್ಯಾಸ ಇದೇ. ಅಂದು ಎರಡು ಅಧಿಕಾರಗಳು ಒಂದೇ ಮಂದೆಗಾಗಿ ಸ್ಪರ್ಧಿಸಿದವು. ಇಂದು ಪ್ರತಿಯೊಂದು ಮಂದೆಗೂ ತನ್ನ ಕುರುಬನಿದ್ದಾನೆ. ನೆರೆಯ ಮಂದೆಯ ಬಗೆಗೂ ಅವನಿಗೆ ಕರ್ತವ್ಯವಿದೆ.

ವಿಧಿ ಮತ್ತು ಭಾಷೆ

ಉಳಿದಿರುವ ಕಠಿಣ ಪ್ರಶ್ನೆ ಭಾಷೆಯದು. ಅಜ್ಜಿ ಮಲಯಾಳದಲ್ಲಿ ಜಪಮಾಲೆ ಹೇಳುತ್ತಾಳೆ. ಮಗ ತೋಟದಲ್ಲಿ ತುಳುವಿನಲ್ಲಿ ವ್ಯವಹರಿಸುತ್ತಾನೆ. ಮೊಮ್ಮಗಳು ಶಾಲೆಯಲ್ಲಿ ಕನ್ನಡ ಓದುತ್ತಾಳೆ. ಮಲಯಾಳವನ್ನು ಆಡಬಲ್ಲಳು, ಓದಲಾರಳು. ಬಲಿಪೂಜೆಯ ಪುಸ್ತಕ ಅವಳ ಕೈಯಲ್ಲಿ ಮುಚ್ಚಿದ ಪುಸ್ತಕವೇ. ಮಲಯಾಳ ಹೋದರೆ ಸಿರೋ-ಮಲಬಾರ್ ಎಂಬುದೇ ಹೋಗುತ್ತದೆ ಎಂದು ಹಿರಿಯರು ಹೇಳುವ ಮಾತನ್ನು ಹಗುರವಾಗಿ ತಳ್ಳಿಹಾಕಬಾರದು. ಕಾಡಿನ ನಡುವೆ ಜ್ವರದಲ್ಲಿ ಮಲಗಿದ್ದಾಗ ಅವರನ್ನು ಹಿಡಿದು ನಿಲ್ಲಿಸಿದ ಪ್ರಾರ್ಥನೆಗಳು ಆ ಭಾಷೆಯವು.

ಆದರೂ ಇತಿಹಾಸ ಒಂದು ತಿದ್ದುಪಡಿಯನ್ನು ಸೂಚಿಸುತ್ತದೆ. ಸಿರೋ-ಮಲಬಾರ್ ಬಲಿಪೂಜೆ ಮಲಯಾಳಕ್ಕೆ ಬಂದದ್ದು 1962ರ ಜುಲೈ 3ರಂದು. ಅದಕ್ಕೆ ಮೊದಲು ಶತಮಾನಗಳ ಕಾಲ ಅದು ಸುರಿಯಾನಿಯಲ್ಲಿ ನಡೆಯುತ್ತಿತ್ತು. ಅಂದರೆ ನಲವತ್ತರ, ಐವತ್ತರ ದಶಕಗಳಲ್ಲಿ ತಿರುವಾಂಕೂರನ್ನು ಬಿಟ್ಟು ಹೊರಟವರು ತಮ್ಮೊಡನೆ ಮಲಯಾಳ ಬಲಿಪೂಜೆಯನ್ನು ತರಲೇ ಇಲ್ಲ. ಅವರು ಹೊರಟ ಹೊತ್ತಿಗೆ ಅದು ಇರಲಿಲ್ಲ. ಮನೆಯ ಪ್ರಾರ್ಥನೆ, ಹಾಡು, ಬೋಧನೆ ಮಲಯಾಳದಲ್ಲಿದ್ದವು. ಬಲಿಪೀಠದ ಮಾತು ಸುರಿಯಾನಿಯಾಗಿತ್ತು. ಇಂದು ಪರಂಪರೆಯೆಂದು ಕಾಪಾಡಬೇಕೆನ್ನುವ ಪೂಜಾಭಾಷೆ ವಲಸೆಗಿಂತ ಚಿಕ್ಕ ವಯಸ್ಸಿನದು.

ಸುರಿಯಾನಿಯಿಂದ ಮಲಯಾಳಕ್ಕೆ ಬಂದಾಗ ಸಿರೋ-ಮಲಬಾರ್ ಸಭೆ ತನ್ನತನವನ್ನು ಕಳೆದುಕೊಳ್ಳಲಿಲ್ಲ. ಅದ್ದಾಯಿ ಮತ್ತು ಮಾರಿಯ ಹೆಸರಿನ ಪ್ರಾಚೀನ ಸ್ತೋತ್ರಯಾಗ ಉಳಿಯಿತು. ಮಂಗಳವಾರ್ತೆಯಿಂದ ಆರಂಭಿಸಿ ದೇವಾಲಯಾರ್ಪಣೆಯ ಕಾಲದವರೆಗೆ ಸಾಗುವ ಪೂಜಾವರ್ಷ ಉಳಿಯಿತು. ಉಪವಾಸದ ಶಿಸ್ತು, ಸಂತ ತೋಮನ ನೆನಪು, ಪವಿತ್ರಾತ್ಮರನ್ನು ಆಹ್ವಾನಿಸುವ ಪ್ರಾರ್ಥನೆಯ ಭಯಭಕ್ತಿ ಉಳಿದವು. ವಿಧಿ ಎಂದರೆ ಇವೆಲ್ಲ ಸೇರಿದ ಒಂದು ಪ್ರಾರ್ಥನಾಜೀವನ. ಸುರಿಯಾನಿಯಿಂದ ಮಲಯಾಳಕ್ಕೆ ದಾಟಿದ್ದು ಕನ್ನಡಕ್ಕೆ ದಾಟಲಾರದು ಎನ್ನಲು ಆಧಾರವಿಲ್ಲ. ಸಿರೋ-ಮಲಬಾರ್ ಬಲಿಪೂಜೆ ಇಂದು ಕನ್ನಡದಲ್ಲಿಯೂ ಅರ್ಪಿತವಾಗುತ್ತಿದೆ. ಅದನ್ನು ಮಲಯಾಳ ಬಾರದವರಿಗೆ ಕೊಟ್ಟ ರಿಯಾಯಿತಿ ಎಂದು ನೋಡದೆ, ಮಶ್ತೋತ್ಸನ ಸಾಲಿಗೆ ಸೇರಿದ ಪಾಲನಾಕಾರ್ಯವೆಂದು ನೋಡಬೇಕು.

ಕನ್ನಡಕ್ಕೆ ಬಂದರೆ ಲತೀನ್ ನೆರೆಯವರಿಗೂ ತಮಗೂ ಭೇದವೇ ಉಳಿಯದು ಎಂಬ ಇನ್ನೊಂದು ಆಕ್ಷೇಪವಿದೆ. ಭಾಷೆಯೊಂದೇ ಭೇದವಾಗಿದ್ದರೆ ಆ ಭೇದವನ್ನು ಉಳಿಸಿಕೊಳ್ಳಲು ಒಂದು ಧರ್ಮಪ್ರಾಂತ್ಯವೇ ಬೇಕಾಗಿರಲಿಲ್ಲ. ಮಾತು ಒಂದಾದಾಗಲೇ ಪ್ರಾರ್ಥನೆಯ ನಿಜವಾದ ವೈಶಿಷ್ಟ್ಯ ನೆರೆಯವರಿಗೂ ಕೇಳಿಸುತ್ತದೆ. ಕನ್ನಡದ ಕ್ರೈಸ್ತ ಪ್ರಾರ್ಥನಾ ಸಾಹಿತ್ಯಕ್ಕೆ ಪೂರ್ವ ಸುರಿಯಾನಿ ಪರಂಪರೆಯ ಪ್ರವೇಶ ಒಂದು ಲಾಭವೇ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ತುಳು ಮತ್ತು ಕನ್ನಡಗಳನ್ನು ಕಲಿತು, ತುಳುವಿನಲ್ಲಿ ಹೊಸ ಒಡಂಬಡಿಕೆಯನ್ನೂ ಕನ್ನಡಕ್ಕೆ ಕಿಟ್ಟೆಲ್ಲರ ನಿಘಂಟನ್ನೂ ಕೊಟ್ಟರು. ಸಮುದಾಯವಾಗಿ ಬಂದ ಕಥೋಲಿಕರು, ಕೊಂಕಣಿಗರಾಗಲಿ ಮಲಯಾಳಿಗಳಾಗಲಿ, ತಮ್ಮ ಭಾಷೆಯೊಳಗೆ ಬೆಚ್ಚಗಿರಲು ಸಾಧ್ಯವಾಯಿತು. ಆ ಬೆಚ್ಚಗೆಗೆ ತೆತ್ತ ಬೆಲೆಯನ್ನು ಪೂಜಾಭಾಷೆಯ ವಿವಾದಗಳನ್ನು ಕಂಡ ಕರ್ನಾಟಕದ ಸಭೆ ಚೆನ್ನಾಗಿ ಬಲ್ಲುದು.

ಮತ್ತೊಂದು ವಲಸೆಯ ಹೊಸ್ತಿಲಲ್ಲಿ

ಮದರಾಸಿನ ಅರ್ಮೇನಿಯನ್ನರು ವರ್ತಕರಾಗಿದ್ದರು. ಬೆಳ್ತಂಗಡಿಯ ಸಿರೋ-ಮಲಬಾರ್ ಜನ ಮಣ್ಣಿನ ಮಕ್ಕಳು. ಆದ್ದರಿಂದ ಇವರ ಸಭೆಗೆ ಆ ಗತಿ ಬಾರದು ಎಂದು ಇಪ್ಪತ್ತು ವರ್ಷಗಳ ಹಿಂದೆ ನಿಶ್ಚಿಂತರಾಗಿ ಹೇಳಬಹುದಿತ್ತು. ಈಗ ಹಾಗೆ ಹೇಳಲಾಗದು. ಅಜ್ಜ ಕಡಿದ ಕಾಡಿನ ರಬ್ಬರ್ ತೋಟವನ್ನು ನೋಡಿಕೊಳ್ಳಲು ಮೊಮ್ಮಕ್ಕಳಿಲ್ಲ. ಅವರು ಬೆಂಗಳೂರಿನಲ್ಲಿದ್ದಾರೆ, ಕೊಲ್ಲಿ ದೇಶಗಳಲ್ಲಿದ್ದಾರೆ, ಯುರೋಪಿನ ಆಸ್ಪತ್ರೆಗಳಲ್ಲಿ ದಾದಿಯರಾಗಿದ್ದಾರೆ. ಅಲ್ಲಿಯ ಸಿರೋ-ಮಲಬಾರ್ ಧರ್ಮಕೇಂದ್ರಕ್ಕೆ ಹೋದರೆ ಕೇರಳದಿಂದ ಬಂದವರ ನಡುವೆ ಇವರು ಕರ್ನಾಟಕದವರು. ಮಂಗಳೂರಿನವರ ಕೂಟಕ್ಕೆ ಹೋದರೆ ಮಲಯಾಳಿಗಳು. ಎರಡು ಬಾರಿ ಪರದೇಶಿಗಳಾದ ಇವರು ತಾವು ಯಾರೆಂದು ಹೇಳಿಕೊಳ್ಳಲು ಏನನ್ನು ಕಲಿತು ಹೋಗುತ್ತಾರೆ ಎಂಬುದು ಇಂದಿನ ಧರ್ಮೋಪದೇಶ ತರಗತಿಯಲ್ಲಿ ತೀರ್ಮಾನವಾಗುತ್ತದೆ. ಪೂಜಾವರ್ಷದ ಅರ್ಥವನ್ನು ತಮಗೆ ತಿಳಿಯುವ ಭಾಷೆಯಲ್ಲಿ ಕಲಿತವರು ಅದನ್ನು ಎಲ್ಲಿಗಾದರೂ ಒಯ್ಯಬಲ್ಲರು. ಅರ್ಧ ತಿಳಿದ ಭಾಷೆಯಲ್ಲಿ ಬಾಯಿಪಾಠ ಮಾಡಿದ್ದು ರೈಲು ಹತ್ತುವ ದಿನವೇ ಕಳಚಿಕೊಳ್ಳುತ್ತದೆ.

ಆದ್ದರಿಂದ ಈ ಸೀಮೆಯಲ್ಲಿ ಸೇವೆಗೆ ಸಿದ್ಧರಾಗುತ್ತಿರುವ ಗುರುವಿದ್ಯಾರ್ಥಿಗಳ ಮುಂದೆ ಮೂರು ಕೆಲಸಗಳಿವೆ. ಮೊದಲನೆಯದು, ಕನ್ನಡವನ್ನು ಮಾತಾಡುವಷ್ಟಲ್ಲ, ಪ್ರಾರ್ಥಿಸುವಷ್ಟು ಕಲಿಯುವುದು. ತುಳುವಿನಲ್ಲಿ ದುಃಖಿತರನ್ನು ಸಂತೈಸುವಷ್ಟು ಪಳಗುವುದು. ಎರಡನೆಯದು, ನೆರೆಯ ವಿಧಿಯ ಗುರುವಿನ ಮನೆಗೆ ಕೆಲಸವಿಲ್ಲದಿದ್ದಾಗಲೂ ಹೋಗಿಬರುವುದು. 193ನೆಯ ನಿಯಮದ ಹೊಣೆಯನ್ನು ಪತ್ರವ್ಯವಹಾರದಿಂದ ಮಾತ್ರ ತೀರಿಸಲಾಗದು. ಮೂರನೆಯದು ಎಲ್ಲಕ್ಕಿಂತ ತುರ್ತಿನದು. ಘಟ್ಟದ ತಪ್ಪಲಿಗೆ ಮೊದಲು ಬಂದ ತಲೆಮಾರು ಕಣ್ಮುಂದೆ ಕರಗುತ್ತಿದೆ. ಯಾವ ದಾರಿಯಾಗಿ ಬಂದರು, ಯಾವ ಮರದ ಕೆಳಗೆ ಮೊದಲ ಬಲಿಪೂಜೆ ನಡೆಯಿತು, ಜ್ವರದಲ್ಲಿ ಅನ್ನ ತಂದುಕೊಟ್ಟ ತುಳುವ ನೆರೆಯವರು ಯಾರು ಎಂಬುದನ್ನು ಅವರ ಬಾಯಿಂದ ಕೇಳಿ ಬರೆದಿಡಬೇಕು. ಧರ್ಮಕೇಂದ್ರದ ದಾಖಲೆ ಪುಸ್ತಕದಲ್ಲಿ ಸ್ನಾನದೀಕ್ಷೆ ಮತ್ತು ಮರಣದ ದಿನಾಂಕಗಳಿವೆ. ಅವುಗಳ ನಡುವಿನ ಬದುಕು ಇಲ್ಲ.

ಬಾಬಿಲೋನಿನಲ್ಲಿ ಸೆರೆಯಾಗಿದ್ದ ಜನರಿಗೆ ಪ್ರವಾದಿ ಯೆರೆಮೀಯನು ಪತ್ರ ಬರೆದು, ಅಲ್ಲಿಯೇ ಮನೆ ಕಟ್ಟಿರಿ, ತೋಟ ಮಾಡಿ ಫಲವುಣ್ಣಿರಿ, ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂದು ಬೋಧಿಸಿದನು. ಮನೆ ಕಟ್ಟುವುದನ್ನೂ ತೋಟ ಮಾಡುವುದನ್ನೂ ಬೆಳ್ತಂಗಡಿಯ ಜನ ಬೆವರು ಸುರಿಸಿ ನೆರವೇರಿಸಿದ್ದಾರೆ. ಊರಿನ ಕ್ಷೇಮಕ್ಕಾಗಿ ಊರಿನ ಮಾತಿನಲ್ಲಿ ಪ್ರಾರ್ಥಿಸಲು ಅವರನ್ನು ಸಿದ್ಧಗೊಳಿಸುವ ಕೆಲಸ ಮುಂದಿನ ಪಾಲಕರಿಗೆ ಸೇರಿದ್ದು.